ಗುರವ್ವನ ಫೋಟೋಕ್ಕೆ ಒಂದು ಮಾಲೆ

ಇಂಡಿ ಊರಿನ ಮಡಿವಾಳಪ್ಪ ಹೂಗಾರನ ಅಂಗಡಿಗೆ ಫೋನು ಬಂದದ್ದು ನಾಲ್ಕು ಊರಿನ ಹೂವಿನವರು ಕೂಡಿ ಒಂದು ಮಾತಿಗೆ ಬಂದ ಮೇಲೆ. ಅಲ್ಲಿಯತನಕ ಅವನಿಗೆ ಫೋನಿನ ಗರಜು ಬಿದ್ದಿರಲಿಲ್ಲ. ಬೆಳಗಾದರೆ ಗುಡಿಗಳಿಗೆ ಪತ್ರಿ, ಓಣಿಯ ಮನೆಗಳಿಗೆ ಪೂಜೆಯ ಹೂವು, ಮದುವೆಯ ದಿನಗಳಲ್ಲಿ ಮಾಲೆ, ಬಾಸಿಂಗ, ದಂಡೆ. ಬೇಕಾದವರು ತಾವೇ ಬಂದು ಹೇಳಿ ಹೋಗುತ್ತಿದ್ದರು.

ಆ ಮಾತು ಹುಟ್ಟಿದ್ದು ವಿಜಾಪುರದ ಹೂವಿನ ಬಜಾರಿನಲ್ಲಿ. ಮಾಲು ಹಿಡಿಯಲು ನಾಲ್ವರೂ ಅಲ್ಲಿಗೇ ಬರುತ್ತಿದ್ದರು: ಇಂಡಿಯಿಂದ ಮಡಿವಾಳಪ್ಪ, ಸಿಂದಗಿಯಿಂದ ಸಿದ್ದಾರೂಢ, ಬಸವನ ಬಾಗೇವಾಡಿಯಿಂದ ಹಣಮಂತ್ರಾಯ, ಮುದ್ದೇಬಿಹಾಳದಿಂದ ಫಕ್ರುದ್ದೀನ. ಒಂದು ದಿನ ಚಹಾ ಕುಡಿಯುತ್ತ ಸಿದ್ದಾರೂಢ ತನ್ನ ಗಿರಾಕಿಯೊಬ್ಬನ ಕಥೆ ಹೇಳಿದ. ಆ ಮನುಷ್ಯ ಬಾಗೇವಾಡಿಯ ನೆಂಟರ ಮದುವೆಗೆಂದು ಸಿಂದಗಿಯಿಂದ ಬಸ್ಸಿನ ಟಾಪಿನ ಮೇಲೆ ಹೂವಿನ ಬುಟ್ಟಿ ಕಳಿಸಿದ್ದನಂತೆ. ಬಿಸಿಲಿಗೆ ಮಲ್ಲಿಗೆಯೆಲ್ಲ ಕಂದಿಹೋಗಿ, ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಅವನು ಅಂಗಡಿಗೆ ಬಂದು ಜಗಳ ತೆಗೆದಿದ್ದ.

"ಹೂವು ಯಾಕ ಹೋಗಬೇಕ್ರಿ? ಮಾತು ಹೋದ್ರ ಸಾಕಲ್ಲ," ಅಂದ ಸಿದ್ದಾರೂಢ. "ಅವರು ನನಗ ಹೇಳ್ತಾರ, ನಾ ಹಣಮಂತ್ರಾಯಗ ಫೋನ್ ಹಚ್ಚತೇನಿ, ಅವ ಅಲ್ಲೇ ಕಟ್ಟಿ ಅಲ್ಲೇ ಮುಟ್ಟಸ್ತಾನ."

ಹಾಗೆ ಶುರುವಾಯಿತು. ಮುದ್ದೇಬಿಹಾಳದವನು ಇಂಡಿಯ ನೆಂಟರಿಗೆ ಹೂವು ಕಳಿಸಬೇಕೆಂದರೆ ಫಕ್ರುದ್ದೀನನ ಅಂಗಡಿಗೆ ಹೋಗಿ ಹೇಳಬೇಕು. ಫಕ್ರುದ್ದೀನ ಮಡಿವಾಳಪ್ಪನಿಗೆ ಫೋನು ಮಾಡಬೇಕು. ಮಡಿವಾಳಪ್ಪ ಹೂವು ಕಟ್ಟಿ ಮನೆಗೆ ಮುಟ್ಟಿಸಿ, ಮುಟ್ಟಿತೆಂದು ತಿರುಗಿ ಹೇಳಬೇಕು. ಕೊಡುಕೊಳ್ಳುವುದನ್ನು ವಿಜಾಪುರದಲ್ಲಿ ಕೂಡಿದಾಗ ಬಗೆಹರಿಸಿಕೊಳ್ಳುವುದು. ಹೇಳಿದ ಹೂವನ್ನೇ ಕಟ್ಟಬೇಕು, ಬೇರೊಬ್ಬನ ಗಿರಾಕಿಯೆಂದು ಕೈ ಬಿಗಿ ಹಿಡಿಯಬಾರದು; ಕಳಿಸಿದವರು ಹೆಸರು ಹೇಳಬೇಡಿ ಎಂದರೆ ಹೇಳಬಾರದು. ಸಿಂದಗಿಯ ಪ್ರೆಸ್ಸಿನಲ್ಲಿ ಗುಲಾಬಿ ಬಣ್ಣದ ಕಾಗದದ ಮೇಲೆ ನಾಲ್ಕೂ ಅಂಗಡಿಗಳ ಹೆಸರು, ಫೋನ್ ನಂಬರು ಅಚ್ಚು ಹಾಕಿಸಿ ಪೇಪರಿನ ಮಡಿಕೆಯಲ್ಲಿಟ್ಟು ಹಂಚಿಸಿದರು. ಟಾಕೀಜಿನಲ್ಲಿ ಇಂಟರ್‌ವಲ್ ಹೊತ್ತಿಗೆ ಸ್ಲೈಡು ಬಿಡಿಸಿದರು. ಝಳಕಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಗೋಡೆ ಹಿಡಿದು ಪೇಂಟರನಿಂದ ದೊಡ್ಡ ಅಕ್ಷರದಲ್ಲಿ ಬರೆಸಿದರು: "ದೂರದ ನಂಟರಿಗೆ ತಾಜಾ ಹೂವು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ." ಆ ಮಾತು ಕಟ್ಟಿದವನು ಸಿದ್ದಾರೂಢ. ಎಲ್ಲರೂ ಭಲೆ ಅಂದರು. ಮಡಿವಾಳಪ್ಪ ಮಾತ್ರ ಕೊನೆಯ ಊರಿನ ಹೆಸರನ್ನೇ ನೋಡುತ್ತ ನಿಂತ. ಅವನ ಮಗಳು ಮುದ್ದೇಬಿಹಾಳದಲ್ಲಿದ್ದಳು. ಆ ಸಂಗತಿ ಉಳಿದ ಮೂವರಿಗೆ ಗೊತ್ತಿರಲಿಲ್ಲ.

ಶೈಲಶ್ರೀ ಅವನ ಒಬ್ಬಳೇ ಮಗಳು. ನಡೆಯಲು ಕಲಿತದ್ದು ಅಂಗಡಿಯ ಹೂವಿನ ರಾಶಿಯ ಸುತ್ತ; ಅಪ್ಪ ಹಾಕುವ ದಾರದ ಗಂಟು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ವಿಜಾಪುರಕ್ಕೆ ಹೋಗಿ ಅಂಗನವಾಡಿ ಟ್ರೇನಿಂಗ್ ಮುಗಿಸಿದವಳು ಅಲ್ಲಿಯೇ ಪರಿಚಯವಾದ ಝಳಕಿಯ ಗುರುನಾಥನನ್ನು ಮದುವೆಯಾಗುತ್ತೇನೆಂದಳು. ಗುರುನಾಥ ಶಾಂತ ಸ್ವಭಾವದ ಹುಡುಗ, ಮುದ್ದೇಬಿಹಾಳದ ಹತ್ತಿರದ ತಂಗಡಗಿಯ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಆದರೆ ಅವನ ಮನೆಯವರು ಬೌದ್ಧರು. ಅವನ ಅಜ್ಜನ ಕಾಲಕ್ಕೆ ಅವರ ಕೇರಿಯವರನ್ನು ಊರಿನ ಗುಡಿಯ ಕಟ್ಟೆ ಹತ್ತಗೊಡುತ್ತಿರಲಿಲ್ಲ. ಮಡಿವಾಳಪ್ಪನ ಮನೆತನವೋ ತಲೆತಲಾಂತರದಿಂದ ಅಂಥವೇ ಗುಡಿಗಳಿಗೆ ಪತ್ರಿ ಕೊಟ್ಟು ಬದುಕಿದ್ದು. ಅವನು ಬೇಡವೆಂದ. ಅವಳು ರಜಿಸ್ಟರ್ ಮದುವೆಯಾಗಿ ಹೋದಳು. ಓಣಿಯ ಹಿರಿಯರು ಕರೆಸಿ, ಮಗಳ ಜೊತೆ ನಂಟು ಇಟ್ಟುಕೊಂಡರೆ ನಿನ್ನ ಕೈಯ ಪತ್ರಿ ಹೇಗೆ ಏರಿಸುವುದು ಎಂದು ಕೇಳಿದರು. ಆ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ, ಅವಳು ನನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಅವನು ಎಲ್ಲರೆದುರು ಹೇಳಿ ಬಂದ.

ಹೆಂಡತಿ ಗುರವ್ವ ಅಂದಿನಿಂದ ಅವನ ಜೊತೆ ಅಗತ್ಯಕ್ಕಷ್ಟೇ ಮಾತಾಡಿದಳು. ಮುಂದೆ ಅವಳಿಗೆ ಕಾಮಾಲೆ ಬಂತು, ಔಷಧಿ ಹತ್ತಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದೇ ಮಾತು, ಶೈಲಾನ್ನ ಕರಸ್ರಿ ಎಂದು. ಮಡಿವಾಳಪ್ಪ ನಾಳೆ ಅಂದ, ಮದುವೆಯ ಸುಗ್ಗಿ ಮುಗಿಯಲಿ ಅಂದ. ಬಸವ ಜಯಂತಿಯ ಮುಂದಿನ ವಾರ ಅವಳು ತೀರಿಕೊಂಡಳು. ಮಗಳಿಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಮೂರನೆಯ ದಿನ ಶೈಲಶ್ರೀ ಗಂಡನ ಜೊತೆ ಬಂದು ಬಾಗಿಲ ಹೊರಗೆ ನಿಂತಳು. ಮಡಿವಾಳಪ್ಪ ಒಳಗಿನ ಕೋಣೆಯಿಂದ ಏಳಲಿಲ್ಲ. ಅವನ ಅಕ್ಕ ಶೆಟ್ಟೆವ್ವ, ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು, ಹೊರಗೆ ತಂಬಿಗೆಯಲ್ಲಿ ನೀರು ಒಯ್ದು ಕೊಟ್ಟು, ಅವಳನ್ನು ತಬ್ಬಿಕೊಂಡು ಅತ್ತು ಕಳಿಸಿದಳು. ಅಂಗಳದಲ್ಲಿ ಚಪ್ಪಲಿಯ ಸಪ್ಪಳ ದೂರವಾಗುವುದನ್ನು ಅವನು ಒಳಗೆ ಕೂತು ಕೇಳಿದ.

ನಾಲ್ವರು ಕೂಡಿದ್ದು ಇದಾದ ಆರೇಳು ತಿಂಗಳಿಗೆ. ಕೆಲಸದಲ್ಲಿ ಮನಸ್ಸು ಮರೆಯುತ್ತದೆಂದು ಮಡಿವಾಳಪ್ಪನೂ ಹೂಂ ಅಂದಿದ್ದ.

ಎರಡು ಸಾವಿರದ ಇಸವಿ, ಬಸವ ಜಯಂತಿ ಮುಗಿದಿತ್ತು. ಫಕ್ರುದ್ದೀನ ಫೋನು ಮಾಡಿದ. ಅವನು ಮಾತಿನ ಮನುಷ್ಯ, ಎರಡು ಮಾತಿನ ಕೆಲಸಕ್ಕೆ ಹತ್ತು ಮಾತು ಹಚ್ಚುವವನು. ನಮ್ಮ ಓಣಿಯ ಅಂಗನವಾಡಿ ಅಕ್ಕಾರು ಬಂದಿದ್ದಾರೆ, ಇಂಡಿಗೆ ಒಂದು ಮಾಲೆ ಕಳಿಸಬೇಕಂತೆ, ಬರೆದುಕೊಳ್ಳಿ ಅಂದ. ದುಂಡು ಮಲ್ಲಿಗೆ, ನಡುನಡುವೆ ಅಬ್ಬಲಿಗೆ, ಮರುಗ ಸ್ವಲ್ಪ ಹೆಚ್ಚಿಗೆ. ಅಗಸಿಯ ಒಳಗೆ, ಬೇವಿನ ಗಿಡದ ಎದುರಿನ ಮನೆ. ತೀರಿಹೋದವರ ಫೋಟೋಕ್ಕೆ ಹಾಕಬೇಕು.

"ಯಾರ ಫೋಟೋಕ್ಕ?" ಎಂದು ಮಡಿವಾಳಪ್ಪ ಕೇಳಿದ. ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು.

"ಗುರವ್ವ ಅಂತ. ಕಳಿಸಿದವರ ಹೆಸರು ಹೇಳಬ್ಯಾಡ್ರಿ ಅಂದಾರ. ಮನಿ ಸಿಗತೈತೇನ್ರಿ ಅಣ್ಣಾರ?"

ಹೆಂಡತಿಯ ಹೆಸರನ್ನು ಮಡಿವಾಳಪ್ಪ ಹೊರಗಿನವರ ಮುಂದೆ ಎಂದೂ ಹೇಳಿದವನಲ್ಲ. ಫಕ್ರುದ್ದೀನ ಅವನ ಮನೆ ಕಂಡವನಲ್ಲ. ಫೋನಿನ ಆ ಕಡೆ, ಅಂಗಡಿಯ ಮುಂದೆ ಹಾದುಹೋಗುವ ಗಾಡಿಗಳ ಸದ್ದು ಕೇಳುತ್ತಿತ್ತು. ಮಗಳು ಅಲ್ಲೇ, ಫಕ್ರುದ್ದೀನನ ಮಗ್ಗುಲಲ್ಲೇ ನಿಂತಿರಬೇಕು.

"ಸಿಗತೈತಿ," ಅಂದ.

ಮಗಳು ತಿಳಿದೇ ಹೀಗೆ ಮಾಡಿದ್ದಾಳೆಂಬುದು ಅವನಿಗೆ ಸ್ಪಷ್ಟವಿತ್ತು. ಆ ಗುಲಾಬಿ ಕಾಗದದಲ್ಲಿ ಇಂಡಿ ಎಂಬಲ್ಲಿ ಅವನ ಹೆಸರೇ ಇತ್ತು. ಮೊದಲು ಸಿಟ್ಟು ಬಂತು, ಇದೇನು ನನ್ನ ಮೇಲೆ ಹಟವೋ ಎಂದು. ಸಿಟ್ಟಿನಲ್ಲೇ ಮಲ್ಲಿಗೆಯ ರಾಶಿಗೆ ಕೈ ಹಾಕಿದ. ಅರ್ಧ ಮಾಲೆ ಕಟ್ಟುವಷ್ಟರಲ್ಲಿ ಸಿಟ್ಟು ಎಲ್ಲಿಗೋ ಹೋಗಿತ್ತು. ಮರುಗವನ್ನು ಅವಳು ಹೇಳಿದ್ದಕ್ಕಿಂತ ಹೆಚ್ಚೇ ಇಟ್ಟ. ಮನೆಗೆ ಒಯ್ದಾಗ ಶೆಟ್ಟೆವ್ವ ಯಾರದು ಎಂದು ಕೇಳಿದಳು. ಮುದ್ದೇಬಿಹಾಳದಿಂದ ಬಂದ ಆರ್ಡರು ಅಂದ. ಅವಳು ಮಾಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿ, ತಾನೇ ಫೋಟೋಕ್ಕೆ ಹಾಕಿದಳು.

ಮರುದಿನ ಫಕ್ರುದ್ದೀನ ಮತ್ತೆ ಫೋನು ಮಾಡಿದ. ಅಕ್ಕಾರು ಕೇಳುತ್ತಿದ್ದಾರೆ, ಮಾಲೆ ಹೇಗೆ ಬಂದಿತ್ತು, ಫೋಟೋಕ್ಕೆ ಯಾರು ಹಾಕಿದರು. ಮಡಿವಾಳಪ್ಪ ಮಲ್ಲಿಗೆ ತಾಜಾ ಇತ್ತು, ಅಬ್ಬಲಿಗೆ ಚಡಚಣದ ಕಡೆಯದು, ಮನೆಯ ಹಿರಿಯ ಹೆಣ್ಣುಮಗಳು ಹಾಕಿದಳು ಎಂದು ಹೇಳಿದ. ಬೇರೆ ಗಿರಾಕಿಗಳಿಗೆ ಮುಟ್ಟೈತಿ ಎಂಬ ಒಂದು ಮಾತು ಸಾಕಾಗುತ್ತಿತ್ತು.

ಮುಂದಿನ ವರ್ಷವೂ ಅದೇ ವಾರ ಅದೇ ಆರ್ಡರು ಬಂತು. ಈ ಸಲ ಅವಳು ಒಂದು ಮಾತು ಸೇರಿಸಿದ್ದಳು. ಮನೆಯ ಯಜಮಾನರು ಏನಾದರೂ ಹೇಳಿದರೆ ತಿಳಿಸಬೇಕಂತೆ. ಮಡಿವಾಳಪ್ಪ ಮಾಲೆ ಕಟ್ಟಿದ, ಒಯ್ದ, ಹಾಕಿಸಿದ. ಸಂಜೆ ಫೋನಿನ ಮುಂದೆ ಬಹಳ ಹೊತ್ತು ಕೂತ. ಶೆಟ್ಟೆವ್ವ ಬೆಳಗ್ಗೆಯೇ ಅವನಿಗೆ ಹೇಳಿದ್ದಳು, ಬಾ ಅಂತ ಒಂದ ಮಾತ ಹೇಳೋ ತಮ್ಮಾ, ನಿನ್ನ ಗಂಟೇನ ಹೋಗತೈತಿ ಎಂದು. ಫಕ್ರುದ್ದೀನ ಫೋನು ಎತ್ತಿದಾಗ ಅವನ ಬಾಯಿಂದ ಬಂದದ್ದು ಮಾತ್ರ, "ಮುಟ್ಟೈತಿ. ಯಜಮಾನ್ರು ಏನೂ ಹೇಳಲಿಲ್ಲ" ಎಂದು.

ಮೂರನೆಯ ವರ್ಷ ಆರ್ಡರು ಬರುವ ಮೊದಲೇ ಅವನು ವಿಜಾಪುರದಿಂದ ದುಂಡು ಮಲ್ಲಿಗೆ ತಂದು ಒದ್ದೆ ಅರಿವೆಯಲ್ಲಿ ಸುತ್ತಿಟ್ಟಿದ್ದ. ಫೋನು ಗಂಟೆ ಹೊಡೆದ ಕೂಡಲೇ ಎತ್ತಿದ. ಫಕ್ರುದ್ದೀನ ಎಂದಿನಂತೆ ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, ಅಕ್ಕಾರು ಬಸುರಿದ್ದಾರೆ, ಬಂದು ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡು ಹೋದರು ಅಂದ. ಬರುವ ತಿಂಗಳು ಕುಬಸವಂತೆ, ಬಸುರಿಗೆ ಹೂವು ಮುಡಿಸಿ ಉಡಿ ತುಂಬುವ ಕಾರ್ಯ. ಅತ್ತೆ ಒಳ್ಳೆಯವಳು, ಎಲ್ಲ ತಾನೇ ಮಾಡುತ್ತಾಳೆ. ಆದರೆ ತವರಿನಿಂದ ಯಾರೂ ಬರುವುದಿಲ್ಲವಂತೆ, ಪಾಪ.

ಮಡಿವಾಳಪ್ಪ ಆ ರಾತ್ರಿ ಊಟದ ಮುಂದೆ ಕೂತು, ಶೈಲಾ ಬಸುರಿ ಇದ್ದಾಳೆ ಎಂದು ಅಕ್ಕನಿಗೆ ಹೇಳಿದ. ಅಷ್ಟು ವರ್ಷಗಳ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅಂದೇ. ಶೆಟ್ಟೆವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಕುಬಸದ ದಿನ ಫಕ್ರುದ್ದೀನನಿಂದಲೇ ತಿಳಿಯಿತು. ಹಿಂದಿನ ದಿನ ಮಧ್ಯಾಹ್ನದಿಂದ ಮಡಿವಾಳಪ್ಪ ಬೇರೆ ಕೆಲಸ ಹಿಡಿಯಲಿಲ್ಲ. ಕಾಕಡಾ ಮಲ್ಲಿಗೆಯ ಮೊಗ್ಗುಗಳನ್ನು ಆರಿಸಿ ತಲೆಗೆ ದಂಡೆ, ಕೊರಳಿಗೆ ಹಾರ, ತೋಳಿಗೆ ವಂಕಿ, ಕೈಗೆ ಬಳೆ ಎಲ್ಲ ಹೂವಿನಲ್ಲೇ ಕಟ್ಟಿದ. ಮರುದಿನ ನಸುಕಿನಲ್ಲಿ ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಅವನ್ನಿಟ್ಟು, ಧೋತರ ಬದಲಿಸಿ, ತಲೆಗೆ ಟೊಪ್ಪಿಗೆ ಇಟ್ಟು ಬಸ್‌ಸ್ಟ್ಯಾಂಡಿಗೆ ಹೋದ. ತಾನೇ ಹೋಗಿ ಮಗಳ ಮುಂದೆ ಬುಟ್ಟಿ ಇಡಬೇಕೆಂದು ಹೊರಟಿದ್ದ. ಶೆಟ್ಟೆವ್ವ ಹಸಿರು ಖಣ ಒಂದನ್ನು ಬುಟ್ಟಿಯ ಕೆಳಗೆ ಇಟ್ಟಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಗುಡಿಯ ಪಂಚರಲ್ಲಿ ಒಬ್ಬನಾದ ಪರಸಪ್ಪ ಸಿಕ್ಕ. ಇಷ್ಟು ಚಂದದ ಬುಟ್ಟಿ ಹಿಡಿದುಕೊಂಡು ಎಲ್ಲಿಗೆ ಹೊರಟಿರಿ ಎಂದು ನಗುತ್ತಲೇ ಕೇಳಿದ. ಅವನ ಮಾತಿನಲ್ಲಿ ಏನೂ ಇದ್ದಿರಲಿಕ್ಕಿಲ್ಲ. ಆದರೆ ಮಡಿವಾಳಪ್ಪನಿಗೆ ಅಂದು ಹಿರಿಯರ ಮುಂದೆ ತಾನು ಆಡಿದ ಮಾತು ನೆನಪಾಯಿತು. "ನಾ ಎಲ್ಲಿಗೂ ಹೊಂಟಿಲ್ರಿ. ಮುದ್ದೇಬಿಹಾಳದ ಆರ್ಡರು, ಬಸ್ಸಿಗೆ ಕೊಡಾಕ ಬಂದೇನಿ," ಅಂದುಬಿಟ್ಟ. ಅಂದ ಮೇಲೆ ಹಾಗೇ ಮಾಡಬೇಕಾಯಿತು. ಕಂಡಕ್ಟರನ ಕೈಗೆ ಬುಟ್ಟಿ ಕೊಟ್ಟು, ಬಿಸಿಲು ತಾಗದಂತೆ ಒಳಗೆ ಇಟ್ಟುಕೊಳ್ಳಲು ಹೇಳಿ, ಬಸ್ಸು ಮರೆಯಾಗುವತನಕ ನಿಂತು, ಅಂಗಡಿಗೆ ಹಿಂದಿರುಗಿದ. ಫಕ್ರುದ್ದೀನನಿಗೆ ಫೋನು ಮಾಡಿ, ಆ ಗುರವ್ವನ ಮನೆಯವರು ಕಳಿಸಿದ್ದಾರೆಂದು ಹೇಳಿ ಬುಟ್ಟಿಯನ್ನು ಅಕ್ಕಾರಿಗೆ ಮುಟ್ಟಿಸಲು ತಿಳಿಸಿದ.

ಸಂಜೆ ಫಕ್ರುದ್ದೀನನ ದನಿಯಲ್ಲಿ ಖುಷಿ ತುಂಬಿತ್ತು. ಅಕ್ಕಾರು ಬುಟ್ಟಿ ತೆರೆದು ದಂಡೆಯನ್ನು ತಿರುವಿ ದಾರದ ಗಂಟು ನೋಡಿದರಂತೆ. ನೋಡಿದವರೇ ಕಟ್ಟೆಯ ಮೇಲೆ ಕೂತುಬಿಟ್ಟರಂತೆ. ಅತ್ತೆ ಬಂದು ಒಂದೊಂದಾಗಿ ಎಲ್ಲ ತೊಡಿಸಿದಳಂತೆ. ಮುಖ ನೋಡಬೇಕಿತ್ತು ಅಣ್ಣಾರ ಅಂದ. ಆಮೇಲೆ, ಅವರು ಒಂದು ಮಾತು ಕೇಳಿ ಅಂದಿದ್ದಾರೆ ಎಂದು ಹೇಳಿದ.

"ಚೊಚ್ಚಲ ಬಾಣಂತನಕ್ಕ ಕರೀತಾರೇನು ಅಂತ ಆ ಮನಿಯವರನ್ನ ಕೇಳಬೇಕಂತ್ರಿ. ಕರದ್ರ ಬರ್ತೇನಿ ಅಂದಾರ."

ಮಡಿವಾಳಪ್ಪ ಕೇಳಿ ಹೇಳುತ್ತೇನೆಂದ. ಮನೆಗೆ ಹೋಗಿ ಅಕ್ಕನಿಗೆ ಹೇಳಿದ. ಶೆಟ್ಟೆವ್ವ ಅಂದೇ ಒಳಗಿನ ಕೋಣೆ ಸಾರಿಸಿದಳು. ಇವತ್ತೇ ಹೇಳು ಅಂದಳು. ಅವನು ಲೆಕ್ಕ ಹಾಕಿದ. ಆಷಾಢ ಕಳೆದರೆ ಶ್ರಾವಣ. ತಿಂಗಳಿಡೀ ಗುಡಿಗಳಲ್ಲಿ ಪೂಜೆ, ಅಭಿಷೇಕ. ಅದೇ ಹೊತ್ತಿಗೆ ಮಗಳನ್ನು ಕರೆತಂದರೆ ಊರು ಆಡಿಕೊಳ್ಳುತ್ತದೆ. ಅವಳ ದಿನ ತುಂಬುವುದು ಭಾದ್ರಪದದಲ್ಲಿ. ಶ್ರಾವಣ ಮುಗಿದ ಮರುದಿನವೇ ಹೋಗಿ ಕರೆತರುವುದು, ಯಾರು ಏನೇ ಅನ್ನಲಿ. ಹಾಗೆಂದು ಗಟ್ಟಿ ಮನಸ್ಸು ಮಾಡಿದ. ಫಕ್ರುದ್ದೀನನಿಗೆ, "ಶ್ರಾವಣ ಮುಗೀಲಿ, ಕರಿಯಾಕ ಬರ್ತೇವಿ ಅಂದಾರ ಅಂತ ಹೇಳ್ರಿ," ಅಂದ. ಅದನ್ನು ಕೇಳಿ ಅಕ್ಕಾರು ನಕ್ಕರೆಂದು ಮರುದಿನ ತಿಳಿಯಿತು.

ಶ್ರಾವಣದ ಒಂದು ಸೋಮವಾರ, ಬೆಳಗಿನ ಹೊತ್ತು. ಅಂಗಡಿಯ ತುಂಬ ಪತ್ರಿಯ ಗಂಟು, ಸೇವಂತಿಗೆಯ ಬುಟ್ಟಿ. ಗುಡಿಗೆ ಹೋಗುವವರು ಸಾಲಾಗಿ ನಿಂತಿದ್ದರು. ಫೋನು ಬಂತು. ಮಡಿವಾಳಪ್ಪ ಅದನ್ನು ಹೆಗಲಿಗೆ ಒತ್ತಿ ಹಿಡಿದು, ಕೈಯಲ್ಲಿ ಮಾಲೆ ಕಟ್ಟುತ್ತಲೇ, ಏನು ಹೂವು ಬೇಕು ಹೇಳ್ರಿ ಅಂದ.

"ಹೂವಲ್ರಿ ಅಣ್ಣಾರ," ಅಂದ ಫಕ್ರುದ್ದೀನ. "ಆ ಗುರವ್ವಾರ ಮನಿಗೆ ಒಂದ ಸುದ್ದಿ ಮುಟ್ಟಸಬೇಕು. ನಮ್ಮ ಅಕ್ಕಾರು ಹ್ವಾದ್ರು. ದಿನಾ ತುಂಬೋಕಿಂತ ಮೊದಲ ಬ್ಯಾನಿ ಬಂದೂವಂತ. ಹೆಣ್ಣಕೂಸು, ಕೂಸು ಚೊಲೋ ಐತಿ. ತಾಯಿಗೆ ನೆತ್ತರ ನಿಲ್ಲಲಿಲ್ಲಂತ. ವಿಜಾಪುರಕ್ಕ ಒಯ್ಯೋ ದಾರ್ಯಾಗ ಹ್ವಾದ್ರು."

ಮಡಿವಾಳಪ್ಪನ ಕೈಯಲ್ಲಿದ್ದ ಮಾಲೆ ಹಾಗೇ ನಿಂತಿತು.

"ಅವರ ಗಂಡ ಹೇಳಿ ಕಳಿಸ್ಯಾರ, ಮುಖ ನೋಡೋರು ಇದ್ರ ಸಂಜಿತನಕ ಹಾದಿ ನೋಡ್ತೇವಿ ಅಂತ. ಫೋನಿನ್ಯಾಗ ಹೇಳೋ ಸುದ್ದಿ ಅಲ್ಲ ಇದು. ನೀವ ಆ ಮನಿಗೆ ಹೋಗಿ ಹೇಳ್ರಿ. ಬಾಗಲದಾಗ ನಿಂತು ಹೇಳಬ್ಯಾಡ್ರಿ ಅಣ್ಣಾರ. ಒಳಗ ಹೋಗಿ, ಕುಂಡ್ರಿಸಿ, ನೀರ ಕೊಟ್ಟು ಹೇಳ್ರಿ."

ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ಪತ್ರಿಗೆ ಕೈ ಚಾಚಿದ್ದಳು. ಮಡಿವಾಳಪ್ಪ ಅವಳನ್ನೇ ನೋಡುತ್ತಿದ್ದ, ಕಾಣುತ್ತಿರಲಿಲ್ಲ.

"ಆ ಮನಿ ನಂದ ಐತಿ, ಫಕ್ರುದ್ದೀನಭಾಯಿ," ಅಂದ. "ಗುರವ್ವ ನನ್ನ ಹೆಂಡತಿ. ಶೈಲಾ ನನ್ನ ಮಗಳು."

ಆ ಕಡೆಯಿಂದ, "ಬರ್ರಿ ಅಣ್ಣಾರ. ನಾ ಬಸ್‌ಸ್ಟ್ಯಾಂಡಿನ್ಯಾಗ ಇರ್ತೇನಿ," ಎಂಬುದಷ್ಟು ಕೇಳಿತು.

ಮಡಿವಾಳಪ್ಪ ಅಂಗಡಿಯ ಬಾಗಿಲು ಕೂಡ ಹಾಕಲಿಲ್ಲ. ಮನೆಗೆ ಹೋಗಿ ಅಕ್ಕನಿಗೆ ಸುದ್ದಿ ಹೇಳಿದ. ಶೆಟ್ಟೆವ್ವ ಕೂತಲ್ಲೇ ಎದೆ ಬಡಿದುಕೊಂಡಳು. ಆಮೇಲೆ ಎದ್ದು ಟ್ರಂಕು ತೆರೆದು, ಮಗಳ ಬಾಣಂತನಕ್ಕೆ ಬೇಕಾಗುತ್ತದೆಂದು ಗುರವ್ವ ಎಂದೋ ತೆಗೆದಿಟ್ಟಿದ್ದ ಇಳಕಲ್ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡಳು. ಇಬ್ಬರೂ ಸಿಕ್ಕ ಬಸ್ಸು ಹತ್ತಿದರು. ವಿಜಾಪುರದಲ್ಲಿ ಇಳಿದು ಬಾಗೇವಾಡಿಯ ಮೇಲೆ ಹೋಗುವ ಬಸ್ಸು ಹಿಡಿದು ಕೂತ ಮೇಲೆ ಮಡಿವಾಳಪ್ಪನಿಗೆ ತನ್ನ ಕೈ ಖಾಲಿ ಇರುವುದು ಗೊತ್ತಾಯಿತು. ಅಷ್ಟು ಹೂವಿನ ನಡುವಿನಿಂದ ಎದ್ದು ಬಂದವನು ಒಂದು ಎಸಳನ್ನೂ ತಂದಿರಲಿಲ್ಲ.

ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಹಣಮಂತ್ರಾಯ ಒಂದು ದೊಡ್ಡ ಬುಟ್ಟಿ ಹಿಡಿದು ಒಂದೊಂದು ಕಿಟಕಿಯಲ್ಲೂ ಇಣುಕಿ ನೋಡುತ್ತ ಬಂದ. ಫಕ್ರುದ್ದೀನ ಅವನಿಗೆ ಫೋನು ಮಾಡಿದ್ದ. ಶ್ರಾವಣ ಸೋಮವಾರ ಬಾಗೇವಾಡಿಯಲ್ಲಿ ಹೂವಿಗೆ ಎಂಥ ಎಳೆದಾಟವೆಂಬುದು ಮಡಿವಾಳಪ್ಪನಿಗೆ ಗೊತ್ತಿತ್ತು. ಬುಟ್ಟಿಯ ತುಂಬ ಮಲ್ಲಿಗೆ, ಅಬ್ಬಲಿಗೆ, ಮರುಗ; ಎಲ್ಲ ಬಿಡಿ ಹೂವು, ಜೊತೆಗೆ ದಾರದ ಉಂಡೆ. ಕಟ್ಟಿ ತರುವುದು ಸರಿಯಲ್ಲ ಅನ್ನಿಸಿತು ಎಂದು ಹಣಮಂತ್ರಾಯ ಮೆಲ್ಲಗೆ ಹೇಳಿದ. ಹೇಳಿ ತಾನೂ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಮುದ್ದೇಬಿಹಾಳದತನಕ ಮಡಿವಾಳಪ್ಪ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಂಡೆ ಕಟ್ಟುತ್ತ ಬಂದ. ಬಸ್ಸು ಕುಲುಕಿದಾಗಲೆಲ್ಲ ಗಂಟು ತಪ್ಪುತ್ತಿತ್ತು. ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಬಸ್ಸಿಗೆ ಕಾದಿದ್ದ ಫಕ್ರುದ್ದೀನ ಅವರನ್ನು ಕರೆದೊಯ್ದ. ಶೈಲಶ್ರೀಯ ಮನೆಯ ಮುಂದೆ ಜನ ಸೇರಿದ್ದರು. ಅಂಗನವಾಡಿಯ ಮಕ್ಕಳ ತಾಯಂದಿರು, ತಂಗಡಗಿಯ ಮಾಸ್ತರರು, ಝಳಕಿಯಿಂದ ಬಂದ ಬಂಧುಗಳು. ಒಳಗೆ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಗುರುನಾಥ ಎದ್ದು ಬಂದು ಎದುರಿಗೆ ನಿಂತ. ಇವನಿಗೆ ಏನೋ ಹೇಳಬೇಕೆಂದು ಮಡಿವಾಳಪ್ಪ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ. ಗುರುನಾಥ ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

ಶೈಲಶ್ರೀ ಚಾಪೆಯ ಮೇಲಿದ್ದಳು. ಮುಖ ತುಸು ಬಾತಿತ್ತು, ಆದರೆ ಅವಳದೇ ಮುಖ. ಗುರುನಾಥನ ತಾಯಿ ಯಶೋಧಾ ಅವಳ ತಲೆಯ ಹತ್ತಿರ ಕೂತಿದ್ದಳು. ಶೆಟ್ಟೆವ್ವ ಸೀರೆ ತೆಗೆದಾಗ ಯಶೋಧಾ ತಾನೇ ಸೆರಗು ಹಿಡಿದು ಹೊದಿಸಲು ನೆರವಾದಳು. ಮಡಿವಾಳಪ್ಪ ಮಗಳ ತಲೆಯ ಕಡೆ ಕೂತು, ಸಣ್ಣವಳಿದ್ದಾಗ ಸಾಲೆಗೆ ಹೋಗುವ ಮುಂದೆ ಮುಡಿಸುತ್ತಿದ್ದಂತೆ, ಜಡೆಯ ಬುಡದಿಂದ ದಂಡೆ ಸುತ್ತಿದ. ಉಳಿದ ಹೂವನ್ನು ಅಲ್ಲೇ ಕೂತು ಕಟ್ಟಿದ. ಯಾರೂ ಅವಸರ ಮಾಡಲಿಲ್ಲ. ಫಕ್ರುದ್ದೀನ, ಹಣಮಂತ್ರಾಯ ಬಾಗಿಲ ಹತ್ತಿರ ಕೂತು ಹೂವು ಜೋಡಿಸಿ ಕೊಡುತ್ತಿದ್ದರು.

"ಪ್ರತಿ ವರ್ಷ ಅಕಿ ಜೋಡಿ ನಾನೂ ಹೋಗತಿದ್ದೆ, ಫಕ್ರುದ್ದೀನಣ್ಣನ ಅಂಗಡಿಗೆ," ಅಂದ ಗುರುನಾಥ. ಅವನು ನೆಲ ನೋಡುತ್ತ ಮಾತಾಡುತ್ತಿದ್ದ. "ಯಜಮಾನ್ರು ಏನೂ ಹೇಳಲಿಲ್ಲ ಅಂತ ಫೋನ್ ಬಂತು ಒಂದ ವರ್ಷ. ನನಗ ಸಿಟ್ಟ ಬಂದಿತ್ರಿ. ಅಕಿ ನಕ್ಕಳು. ಕಳಸಬ್ಯಾಡ ಅಂತ ಹೇಳಿಲ್ಲಲ್ಲ ಅಂದ್ಳು."

ಮಡಿವಾಳಪ್ಪ ದಾರದ ಗಂಟು ಬಿಗಿದ.

"ನಾ ಕರಿಯಾಕ ಬರಾಂವ ಇದ್ದೆ," ಅಂದ. "ಶ್ರಾವಣ ಮುಗದ ಮ್ಯಾಲೆ."

"ಗೊತ್ತಿತ್ರಿ ಅಕಿಗೆ. ಚೀಲಾ ತುಂಬಿ ಇಟ್ಟಾಳ."

ಗುರುನಾಥ ಗೋಡೆಯ ಕಡೆ ಕೈ ತೋರಿಸಿದ. ಅಲ್ಲೊಂದು ಬಟ್ಟೆಯ ಚೀಲವಿತ್ತು. ಮಡಿವಾಳಪ್ಪ ಆ ಕಡೆ ಒಮ್ಮೆ ನೋಡಿ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವನು ದೊಡ್ಡ ದನಿಯಲ್ಲಿ ಅತ್ತ. ಶೆಟ್ಟೆವ್ವ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಸಂಜೆಯೊಳಗೆ ಮಣ್ಣಾಯಿತು. ಝಳಕಿಯ ಹಿರಿಯರು ಬುದ್ಧಂ ಸರಣಂ ಎಂದು ತ್ರಿಶರಣ ಹೇಳಿದರು. ಮಡಿವಾಳಪ್ಪನಿಗೆ ಅದು ತಿಳಿಯದು. ಅವರು ಕೈ ಮುಗಿದಾಗ ಅವನೂ ಕೈ ಮುಗಿದ, ಅವರು ಮಣ್ಣು ಹಾಕಿದಾಗ ಅವನೂ ಹಾಕಿದ. ಅಂದು ಅವರು ಇಂಡಿಗೆ ತಿರುಗಲಿಲ್ಲ. ಆ ಮನೆಯಲ್ಲೇ, ಯಶೋಧಾ ಕೊಟ್ಟ ಹಾಸಿಗೆಯ ಮೇಲೆ ಮಲಗಿದರು. ಬೆಳಗ್ಗೆ ಅವಳು ಕೊಟ್ಟ ಚಹಾ ಕುಡಿದರು.

ಇಂಡಿಯಲ್ಲಿ ಈ ಸುದ್ದಿ ಹಬ್ಬಲು ತಡವಾಗಲಿಲ್ಲ. ಕೆಲವು ಮನೆಗಳವರು ಅವನಿಂದ ಪತ್ರಿ ಕೊಳ್ಳುವುದು ಬಿಟ್ಟರು. ಪರಸಪ್ಪ ಮಾತ್ರ ಅಂಗಡಿಗೆ ಬಂದು, ಅಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದರೆ ನಾನೂ ಬರುತ್ತಿದ್ದೆನಲ್ಲ ಎಂದು ಹೇಳಿ ಹೋದ. ಆ ಮಾತು ಮಡಿವಾಳಪ್ಪನನ್ನು ಬಹಳ ದಿನ ತಿಂದಿತು. ಊರು ಏನೆನ್ನುತ್ತದೋ ಎಂದು ಅವನು ಹೆದರಿದ್ದ. ಊರಿನ ಅರ್ಧ ಜನ ಏನೂ ಅನ್ನುತ್ತಿರಲಿಲ್ಲ ಎಂಬುದು ಈಗ ತಿಳಿಯಿತು.

ದೀಪಾವಳಿ ಮುಗಿದ ಮೇಲೆ ಅವನು ಒಬ್ಬನೇ ಮುದ್ದೇಬಿಹಾಳಕ್ಕೆ ಹೋದ. ಗುರುನಾಥ ಸಾಲೆಗೆ ಹೋಗಿದ್ದ. ಯಶೋಧಾ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಆಗಷ್ಟೇ ಅರಿವೆಯಲ್ಲಿ ಸುತ್ತಿದ್ದಳು. ಅಜ್ಜ ಬಂದಾನ ನೋಡು ಎಂದು ಹೇಳಿ ತಂದು ಅವನ ತೊಡೆಯ ಮೇಲೆ ಇಟ್ಟಳು. ಅವನಿಗೆ ಕೂಸನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯಲಿಲ್ಲ. ಹೆಸರು ಏನಿಟ್ಟಿರಿ ಎಂದು ಕೇಳಿದ. ಇನ್ನೂ ಇಟ್ಟಿಲ್ಲ, ನಿಮ್ಮನ್ನೂ ಕೇಳಬೇಕೆಂದು ಗುರುನಾಥ ಹೇಳಿದ್ದಾನೆ ಅಂದಳು ಯಶೋಧಾ. ಅವನು ತಲೆ ಬಗ್ಗಿಸಿ ಕೂಸಿನ ಮುಖ ನೋಡಿದ. ಕೂಸು ಅವನ ಅಂಗಿಯ ಗುಂಡಿ ಹಿಡಿದುಕೊಂಡು ಹಾಗೇ ನಿದ್ದೆ ಹೋಯಿತು. ಅವನು ಗೋಡೆಗೆ ಒರಗಿ, ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತ. ಹೊರಗೆ ಬಿಸಿಲು ಇಳಿಯುತ್ತ ಬಂತು. ಇಂಡಿಯ ಕಡೆಯ ಕೊನೆಯ ಬಸ್ಸಿನ ಹೊತ್ತಾಗಿತ್ತು. ಅದನ್ನು ಅವನಿಗೆ ಹೇಳಲು ಯಶೋಧಾಗೆ ಮನಸ್ಸಾಗಲಿಲ್ಲ.